ಮದ್ರಾಸ್ ಪಯನಿಯರ್ಸ್

ಮದ್ರಾಸ್ ಪಯನಿಯರ್ಸ್ ಬ್ರಿಟಿಷ್ ಭಾರತೀಯ ಸೇನೆಯ ಒಂದು ಪಡೆ. 1933ರಲ್ಲಿ ಇದು ವಿಸರ್ಜನೆಗೊಂಡಾಗ ಸೈನಿಕರಲ್ಲಿ ಹಲವರನ್ನು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂಬ ಎಂಜಿನಿಯರ್ ಪಡೆಗೆ ಸೇರಿಸಿಕೊಳ್ಳಲಾಯಿತು. ಹೆಚ್ಚುವರಿಯೆನಿಸಿದ ದಳವೊಂದರ ಸೈನಿಕರು ಎಂಜಿನಿಯರ್ ಪಡೆಗೆ ಸೇರಿದುದಕ್ಕೆ ಕರ್ನಾಟಕದ ಮಟ್ಟಿಗೆ ಇದು ಸ್ಪಷ್ಟವಾದ ಉದಾಹರಣೆ.

ಪಯನಿಯರ್ ಮೂಲತಃ ಕಾಲಾಳು. ಬಂದೂಕಿನ ಜೊತೆಗೆ ಪಿಕಾಸಿ, ಗುದ್ದಲಿಗಳನ್ನೂ ಹೊತ್ತು ಸಾಗುತ್ತಿದ್ದ ಅವನು ದಾರಿ ಕಡಿಯುತ್ತಿದ್ದನು, ಕಂದಕ ತೋಡುತ್ತಿದ್ದನು, ಅಗತ್ಯ ಬಿದ್ದಾಗ ಹೋರಾಡುತ್ತಿದ್ದನು. ಸ್ಯಾಪರನ ವಿದ್ಯೆ ಇನ್ನೂ ವಿಶಾಲವಾದುದು: ಸ್ಫೋಟಕಗಳ ಬಳಕೆ, ಸೇತುವೆ ನಿರ್ಮಾಣ, ನೀರಿನ ಪೂರೈಕೆ, ನೆಲಬಾಂಬುಗಳ ನಿವಾರಣೆ. ಎರಡೂ ಪಡೆಗಳ ಕೆಲಸ ಬಹುಮಟ್ಟಿಗೆ ಒಂದರ ಮೇಲೊಂದು ಬೀಳುತ್ತಿತ್ತು.

ಇಂತಹ ಮಾರ್ಪಾಡು ಹೊಸದೇನಲ್ಲ. ಮದ್ರಾಸಿನಲ್ಲಿ 1780ರಲ್ಲಿ ಕಟ್ಟಿದ ಎರಡು ಪಯನಿಯರ್ ಕಂಪನಿಗಳಿಂದ ಬೆಳೆದ ದಳವೇ 1831ರಲ್ಲಿ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂಬ ಹೆಸರು ಪಡೆದಿತ್ತು. ಮುಂದೆ ಕೆಲವು ಮದ್ರಾಸ್ ಕಾಲಾಳು ಪಲಟನ್‌ಗಳನ್ನು ಪಯನಿಯರ್‌ಗಳನ್ನಾಗಿ ಮಾಡಲಾಯಿತು. ಅವುಗಳಲ್ಲಿ 61, 64 ಮತ್ತು 81ನೇ ಪಲಟನ್‌ಗಳನ್ನು ಒಂದನೆಯ ಮಹಾಯುದ್ಧದ ನಂತರ, 1922ರಲ್ಲಿ, ಒಂದೇ ರೆಜಿಮೆಂಟಾಗಿ ಕೂಡಿಸಲಾಯಿತು. ಹನ್ನೊಂದು ವರ್ಷಗಳಲ್ಲಿ ಅದೂ ಉಳಿಯಲಿಲ್ಲ. ಬಾಂಬೆ ಮತ್ತು ಸಿಖ್ ಪಯನಿಯರ್‌ಗಳಿಗೂ ಅದೇ ವರ್ಷ ಅದೇ ಗತಿ. ಸೈನಿಕನಿಗೆ ತನ್ನ ಪಲಟನ್ನಿನ ಹೆಸರು ಮನೆತನದ ಹೆಸರಿನಷ್ಟೇ ಹತ್ತಿರವಾದುದು. ಮೂರು ಹಳೆಯ ಪಲಟನ್‌ಗಳ ಹೆಸರುಗಳು ಹೀಗೆ ಸೇನೆಯ ಪಟ್ಟಿಯಿಂದ ಅಳಿದವು.

1922ರ ಪುನಾರಚನೆ ಬೆಳಗಾವಿಯಲ್ಲಿ ಬೇರೆ ಬಗೆಯ ಫಲ ನೀಡಿತು. ಮೆಸಪೊಟೇಮಿಯಾದಲ್ಲಿ ಹೋರಾಡಿದ್ದ 114ನೇ ಮರಾಠಾ ಪಲಟನ್ ತನ್ನ ಸಂಖ್ಯೆಯನ್ನು ಕಳೆದುಕೊಂಡು 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 10ನೇ ಬೆಟಾಲಿಯನ್, ಅಂದರೆ ತರಬೇತಿ ದಳ, ಆಯಿತು. ಬೆಳಗಾವಿ, ಖಾನಾಪುರಗಳ ಜನರಿಗೆ ಚಿರಪರಿಚಿತವಾದ ಇಂದಿನ ಮರಾಠಾ ರೆಜಿಮೆಂಟಲ್ ಕೇಂದ್ರದ ಪೂರ್ವರೂಪವಿದು. ಇಲ್ಲಿ ಕಾಲಾಳು ಕಾಲಾಳಾಗಿಯೇ ಉಳಿದನು, ಕಲಿಸುವ ಹೊಣೆ ಮಾತ್ರ ಹೆಚ್ಚಿತು.

ಎರಡನೆಯ ಮಹಾಯುದ್ಧದಲ್ಲಿ ಸ್ಯಾಪರ್‌ಗಳ ಬೇಡಿಕೆ ಅಪಾರವಾಯಿತು. 1944ರ ಫೆಬ್ರವರಿಯಲ್ಲಿ ಇಟಲಿಯಲ್ಲಿ ಸಹಚರರನ್ನು ಉಳಿಸಲು ನೆಲಬಾಂಬಿನ ಮೇಲೆ ತಾನೇ ಬಿದ್ದು ಪ್ರಾಣ ತೆತ್ತ ಸುಬೇದಾರ್ ಸುಬ್ರಮಣಿಯನ್ ಈ ಮದ್ರಾಸ್ ಪಡೆಯವನೇ. ಆತನಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಸಂದಿತು. ಯುದ್ಧದ ಕೊನೆಯಲ್ಲಿ ಶತ್ರುವಿಮಾನಗಳ ಭೀತಿ ತಗ್ಗಿದಾಗ ಬ್ರಿಟನ್ನು ತನ್ನ ಅನೇಕ ವಿಮಾನನಿರೋಧಕ ರೆಜಿಮೆಂಟುಗಳನ್ನು ಬೇರೆ ಕೆಲಸಗಳಿಗೆ ತಿರುಗಿಸಿತು. ಬೆಂಗಳೂರಿನ ಆ ಎಂಜಿನಿಯರ್ ಪಡೆಗೆ ಈಗ ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂಬ ಹೆಸರಿದೆ.