ಶರೀಫರ ಪದ, ಅಶ್ವತ್ಥರ ಮಟ್ಟು

ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಕೇಳಿದರು: "ಮೇಷ್ಟ್ರೇ, ಕೋಳಿಯು ಕೋಡಗವನ್ನು ನುಂಗುವ ಆ ಪದವನ್ನು ಶರೀಫರೂ ಇದೇ ಮಟ್ಟಿನಲ್ಲಿ ಹಾಡುತ್ತಿದ್ದರೇ?" ಪ್ರಶ್ನೆ ಸಹಜವಾದುದು. ನಮ್ಮ ಕಿವಿಗಳಲ್ಲಿ ನೆಲೆಸಿರುವ ಆ ಮಟ್ಟು ಶರೀಫರ ಕಾಲದ್ದೆಂದೇ ಅನೇಕರ ನಂಬಿಕೆ. ಅದನ್ನು ಸಂಯೋಜಿಸಿದವರು ಸಿ. ಅಶ್ವತ್ಥ್.

ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ದೇಹವಿಟ್ಟವರು. ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲಕಾಲ ಶಾಲಾ ಮಾಸ್ತರರಾಗಿದ್ದವರು ಎಂಬುದು ನನ್ನಂಥವನಿಗೆ ವಿಶೇಷ ಹೆಮ್ಮೆಯ ಸಂಗತಿ! ಕಳಸದ ಗೋವಿಂದಭಟ್ಟರ ಶಿಷ್ಯರಾದ ಅವರ ಪದಗಳು ಧಾರವಾಡ ಸೀಮೆಯ ಭಜನಾ ಮೇಳಗಳಲ್ಲಿ ಬಾಯಿಂದ ಬಾಯಿಗೆ ಸಾಗಿ ಉಳಿದವು. ಆದರೆ ತುಂಗಭದ್ರೆಯ ಈಚೆಗೆ, ಹಳೆಯ ಮೈಸೂರಿನ ಮನೆಗಳಲ್ಲಿ, ಅವುಗಳ ಪರಿಚಯ ತೀರ ಕಡಿಮೆಯಿತ್ತು.

ಆ ದೂರವನ್ನು ಅಳಿಸಿದ್ದು ಧ್ವನಿಸುರುಳಿ. 1978ರಲ್ಲಿ ನಿಸಾರ್ ಅಹಮದರ ಗೀತೆಗಳನ್ನು ಮೈಸೂರು ಅನಂತಸ್ವಾಮಿಯವರು 'ನಿತ್ಯೋತ್ಸವ'ವಾಗಿ ಹೊರತಂದ ಮೇಲೆ, ಕವಿತೆಯೂ ಅಂಗಡಿಯಲ್ಲಿ ಮಾರಾಟವಾಗಬಲ್ಲದೆಂದು ಜನ ಕಂಡರು. ಶರೀಫರತ್ತ ಅಶ್ವತ್ಥರ ಗಮನ ಸೆಳೆದವರು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಆ ಪದಗಳಿಗಾಗಿ ಅವರು ಪಟ್ಟ ಶ್ರಮಕ್ಕೆ ಜನ ಪ್ರೀತಿಯಿಂದ ಕೊಟ್ಟ ಬಿರುದು 'ಶರೀಫ ಭಟ್ಟ'. ಗೋವಿಂದಭಟ್ಟರ ಶಿಷ್ಯನ ಹೆಸರು ಹೀಗೆ ಇನ್ನೊಬ್ಬ ಭಟ್ಟರ ಹೆಸರಿನೊಡನೆ ಕೂಡಿಕೊಂಡಿತು.

ಅಶ್ವತ್ಥರು 1939ರಲ್ಲಿ ಚನ್ನರಾಯಪಟ್ಟಣದಲ್ಲಿ ಜನಿಸಿದವರು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಬಹುಕಾಲ ದುಡಿದವರು. ಅವರ ಸಂಗಡ ಹಾಡಿದ ಶಿವಮೊಗ್ಗ ಸುಬ್ಬಣ್ಣನವರು ವೃತ್ತಿಯಿಂದ ವಕೀಲರು. 'ಕಾಡು ಕುದುರೆ' ಚಿತ್ರದ ಹಾಡಿಗೆ 1978ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದವರು. ಹೊಟ್ಟೆಪಾಡಿಗೆ ಬೇರೆ ನೌಕರಿ, ಮನಸ್ಸಿಗೆ ಹಾಡು. ನಮ್ಮ ಸುಗಮ ಸಂಗೀತದ ಬಹುಭಾಗ ಇಂಥವರ ಬಿಡುವಿನ ವೇಳೆಯಲ್ಲಿಯೇ ಬೆಳೆದುದು.

ಅಶ್ವತ್ಥರ ಗಾಯನದ ಅಬ್ಬರವೂ ವಾದ್ಯಗಳ ಮೇಳವೂ ಕವಿತೆಯನ್ನು ಮುಳುಗಿಸುತ್ತವೆಂದು ಆಕ್ಷೇಪಿಸಿದವರುಂಟು. ಕೆಲವು ಭಾವಗೀತೆಗಳ ವಿಷಯದಲ್ಲಿ ನಾನೂ ಒಪ್ಪುತ್ತೇನೆ. ಶರೀಫರ ವಿಷಯದಲ್ಲಿ ಮಾತ್ರ ಒಪ್ಪಲಾರೆ. ತತ್ತ್ವಪದವೆಂಬುದು ನಾಲ್ಕು ಜನರ ನಡುವೆ, ಗಟ್ಟಿ ಕಂಠದಲ್ಲಿ ಹಾಡುವ ಸರಕು. ಮೆಲುದನಿಯ ನಾಜೂಕು ಅದಕ್ಕೆ ಒಗ್ಗುವುದಿಲ್ಲ. ಆದರೂ ಒಂದು ನಷ್ಟವಾಯಿತು. ಮುದ್ರಿತವಾದ ಮಟ್ಟೊಂದೇ ಪ್ರಮಾಣವೆನಿಸಿ, ಮೇಳದಿಂದ ಮೇಳಕ್ಕೆ ಬೇರೆಯಾಗಿದ್ದ ಧಾಟಿಗಳು ಹಿಂದೆ ಸರಿದವು. ಶಾಲಾ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಹಾಡುತ್ತಿದ್ದುದೂ ಧ್ವನಿಸುರುಳಿಯ ಮಟ್ಟನ್ನೇ.

1990ರ ನಾಗಾಭರಣರ ಚಿತ್ರದಲ್ಲಿ ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡರು ಗೋವಿಂದಭಟ್ಟರಾಗಿ ಅಭಿನಯಿಸಿದರು, ಸಂಗೀತ ಅಶ್ವತ್ಥರದೇ. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಆ ಚಿತ್ರಕ್ಕೆ ಸಂದಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆದಾಗ ಸಿನಿಮಾ ತಾರೆಯರಿಗಾಗಿ ಅಲ್ಲ, ಕವಿತೆಗಾಗಿ ಜನಸಾಗರ ಸೇರಿತ್ತು.

ಅಶ್ವತ್ಥರು 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಶರೀಫರು ಹುಟ್ಟಿದ್ದೂ ಅಸ್ತಂಗತರಾದುದೂ ಒಂದೇ ತಾರೀಖಿನಂದು, ಜುಲೈ 3.