ನೀಲಿ ಬೆಳಕಿಗೆ ನೆಲೆ ಹುಡುಕುತ್ತ

ಒಎಲ್ಇಡಿ ಸ್ಕ್ರೀನಿನ ಬೆಳಕಿನ ಪದರದಲ್ಲಿ ನಿಜವಾಗಿ ಬೆಳಗುವ ಅಣುಗಳು ಸ್ವಲ್ಪವೇ; ಎಷ್ಟೋ ಕಡೆ ನೂರಕ್ಕೆ ಹತ್ತರೊಳಗೆ. ಒತ್ತೊತ್ತಾಗಿ ಇಟ್ಟರೆ ಅವು ಒಂದರ ಶಕ್ತಿಯನ್ನೊಂದು ಕಸಿದು ಮಂಕಾಗುತ್ತವೆ. ಅವನ್ನು ದೂರದೂರ ಕೂರಿಸಿ ವಿದ್ಯುತ್ತು ಒದಗಿಸುವ ಉಳಿದ ವಸ್ತುವೇ ಹೋಸ್ಟ್. ಹೆಸರು ಬಂದಿದ್ದು ಬಣ್ಣದ ಅಣುವಿಗೆ. ಆದರೆ ಈ ವಿದ್ಯೆಯ ಅರ್ಧ ಚರಿತ್ರೆ ಹೋಸ್ಟಿನದು.

1987ರಲ್ಲಿ ಕೊಡಕ್ ಕಂಪನಿಯ ಟ್ಯಾಂಗ್ ಮತ್ತು ವ್ಯಾನ್‌ಸ್ಲೈಕ್ ಅಲ್ಯೂಮಿನಿಯಂ ಸಂಯುಕ್ತವೊಂದನ್ನು ಬೆಳಗಿಸಿದರು. 1989ರಲ್ಲಿ ಅದೇ ಸಂಯುಕ್ತವನ್ನು ಹೋಸ್ಟ್ ಮಾಡಿ, ಅದರೊಳಗೆ ಚೂರು ಬಣ್ಣ ಬೆರೆಸಿದಾಗ ದಕ್ಷತೆ ಇಮ್ಮಡಿಗಿಂತ ಹೆಚ್ಚಾಯಿತು.

ಆದರೆ ಒಂದು ಗೋಡೆ ಅಡ್ಡ ನಿಂತಿತ್ತು. ಎಲೆಕ್ಟ್ರಾನ್ ಮತ್ತು ಹೋಲ್ (ಎಲೆಕ್ಟ್ರಾನ್ ಇಲ್ಲದ ಖಾಲಿ ತಾವು) ಕೂಡಿದಾಗ ಹುಟ್ಟುವ ನಾಲ್ಕು ಸ್ಥಿತಿಗಳಲ್ಲಿ ಒಂದೇ ಸಿಂಗ್ಲೆಟ್, ಉಳಿದ ಮೂರು ಟ್ರಿಪ್ಲೆಟ್. ಸಾಮಾನ್ಯ ಸಾವಯವ ಬಣ್ಣಗಳು ಸಿಂಗ್ಲೆಟ್‌ನಿಂದ ಮಾತ್ರ ಬೆಳಗುತ್ತವೆ. ಹಾಗಾದರೆ ದಕ್ಷತೆಗೆ ಶೇಕಡಾ 25ರ ಮಿತಿಯೇ? ಈ ಪ್ರಶ್ನೆಗೆ ಬೆಂಗಳೂರಿನಿಂದಲೂ ಉತ್ತರ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಶೇಷ ಅವರು ಕುಂಜ್ ಟಂಡನ್, ಅಮೆರಿಕದ ಮಜುಂದಾರ್ ಹಾಗೂ ಯೂಟಾದ ವಾರ್ಡೆನಿ ಗುಂಪಿನೊಂದಿಗೆ 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು: ಪಾಲಿಮರ್‌ಗಳಲ್ಲಿ ಸಿಂಗ್ಲೆಟ್ ಹುಟ್ಟುವ ಸಾಧ್ಯತೆ ಟ್ರಿಪ್ಲೆಟ್‌ಗಿಂತ ಹೆಚ್ಚಿರಬಲ್ಲದು. ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಬದಿಗಿಡದೆ ಲೆಕ್ಕ ಹಾಕಿದ್ದು ಆ ಕೆಲಸದ ಬಲ. ಅದು ಎಬ್ಬಿಸಿದ ಚರ್ಚೆ ವರ್ಷಗಟ್ಟಲೆ ನಡೆಯಿತು.

ಉದ್ಯಮ ಹಿಡಿದದ್ದು ಬೇರೆ ದಾರಿ. ಅದಕ್ಕೂ ಮುಂಚೆಯೇ, 1998ರಲ್ಲಿ, ಸಂಶೋಧಕರಾದ ಫಾರೆಸ್ಟ್, ಥಾಂಪ್ಸನ್ ಅವರ ಗುಂಪು ಪ್ಲಾಟಿನಂ ಸಂಯುಕ್ತದಿಂದ, ಮರುವರ್ಷ ಇರಿಡಿಯಂನಿಂದ ಟ್ರಿಪ್ಲೆಟ್‌ಗಳನ್ನೇ ಬೆಳಗಿಸಿತು. ಆಗ ಹೋಸ್ಟಿನ ಮೇಲೆ ಹೊಸ ಷರತ್ತು ಬಿತ್ತು. ಭದ್ರಾ ಕಾಲುವೆಯ ನೀರು ದಾವಣಗೆರೆಯ ಗದ್ದೆಗಳಿಗೆ ಇಳಿಯುವಂತೆ ಶಕ್ತಿ ಹೋಸ್ಟಿನಿಂದ ಬಣ್ಣದತ್ತ ಇಳಿಯಬೇಕು. ಹೋಸ್ಟಿನ ಟ್ರಿಪ್ಲೆಟ್ ತಗ್ಗಿನಲ್ಲಿದ್ದರೆ ಶಕ್ತಿ ಹಿಂದಕ್ಕೆ ಹರಿದುಹೋಗುತ್ತದೆ. ಹಸಿರಿಗೆ ಒದಗಿದ ಸಿಬಿಪಿ ಎಂಬ ಕಾರ್ಬಜೋಲ್ ಹೋಸ್ಟ್ ನೀಲಿಗೆ ಸಾಲಲಿಲ್ಲ. ಅದರ ಟ್ರಿಪ್ಲೆಟ್ ಸುಮಾರು 2.6 ಎಲೆಕ್ಟ್ರಾನ್ ವೋಲ್ಟ್. ಎರಡು ಕಾರ್ಬಜೋಲ್‌ಗಳ ನಡುವಿನ ಬೈಫಿನೈಲ್ ತೆಗೆದು ಒಂದೇ ಬೆಂಜೀನ್ ಉಂಗುರವಿಟ್ಟಾಗ ಎಲೆಕ್ಟ್ರಾನುಗಳ ಹರಹು ಕುಗ್ಗಿ ಟ್ರಿಪ್ಲೆಟ್ 2.9ಕ್ಕೇರಿತು. ಅದೇ ಎಂಸಿಪಿ. ಅಣುವಿನ ಆಕಾರ ತಿದ್ದಿ ಬೆಳಕಿನ ದಾರಿ ತಿದ್ದಿದ ಈ ಹೆಜ್ಜೆ ನನಗೆ ಇಡೀ ಕಥೆಯಲ್ಲೇ ಅತ್ಯಂತ ಚೆಂದದ್ದು. ಆದರೆ ಇದರ ಗಾಜಿನಂಥ ಪದರ ಸುಮಾರು 60 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಫೋನು ಬಿಡುವ ಊರಿನವರಿಗೆ ಇದು ಸಣ್ಣ ಮಾತಲ್ಲ.

ಮುಂದೆ ಎಲೆಕ್ಟ್ರಾನ್, ಹೋಲ್ ಎರಡನ್ನೂ ಸಾಗಿಸುವ ದ್ವಿಧ್ರುವಿ ಹೋಸ್ಟ್‌ಗಳು ಬಂದವು, ಎರಡು ವಸ್ತು ಬೆರೆಸಿದ ಜೋಡಿ ಹೋಸ್ಟ್‌ಗಳೂ ಬಂದವು. 2012ರಲ್ಲಿ ಜಪಾನಿನ ಅದಾಚಿ ಗುಂಪು ದುಬಾರಿ ಲೋಹವಿಲ್ಲದೆಯೇ ಟ್ರಿಪ್ಲೆಟ್ ಬಳಸುವ ಅಣುಗಳನ್ನು ತೋರಿಸಿತು. ಹೋಸ್ಟಿನ ಅಗತ್ಯ ಅಲ್ಲೂ ತಪ್ಪಲಿಲ್ಲ.

ನೀಲಿಯ ತೊಡಕು ಬಾಳಿಕೆಯದು. ಅಷ್ಟು ಶಕ್ತಿಯ ಟ್ರಿಪ್ಲೆಟ್ ಹತ್ತಿರದ ವಿದ್ಯುದಾವೇಶಕ್ಕೆ ತಾಗಿದರೆ ಹೋಸ್ಟಿನ ಇಂಗಾಲ–ಸಾರಜನಕ ಬಂಧವೇ ಮುರಿಯಬಹುದು. ಸಂಶೋಧನಾ ಪತ್ರಗಳಲ್ಲಿ ದಕ್ಷತೆಯ ಅಂಕಿಯೇ ಮೆರೆಯುವುದು ನನಗೆ ಸರಿಕಾಣದು. ಪಕ್ಕದಲ್ಲೇ ಆಯುಷ್ಯದ ಗಂಟೆಗಳನ್ನೂ ಅಚ್ಚು ಹಾಕಬೇಕು. ಫೋನು ತಯಾರಕರು ನೀಲಿಗೆ ಇಷ್ಟು ಕಾಲವೂ ಬಹುಪಾಲು ಆಂಥ್ರಸೀನ್ ಹೋಸ್ಟಿನ, ಸಿಂಗ್ಲೆಟ್‌ನಿಂದ ಬೆಳಗುವ ಹಳೆಯ ಫ್ಲೋರೆಸೆಂಟ್ ವ್ಯವಸ್ಥೆಯನ್ನೇ ನಂಬಿರುವುದು ಆ ಗಂಟೆಗಳ ಲೆಕ್ಕದಿಂದ.