ಒಳಮನೆಯ ವೈಭವ

ಕೆಲವು ದಿನಗಳ ಹಿಂದೆ ಬೆಂಗಳೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಮನೆ ಇದ್ದುದು 21ನೆಯ ಅಂತಸ್ತಿನಲ್ಲಿ. ಕಾಲಡಿಯಲ್ಲಿ ನುಣುಪಾದ ಅಮೃತಶಿಲೆ. ದೀಪ ಕಾಣಿಸದೆ ಚಾವಣಿಯ ಅಂಚಿನಿಂದ ಸೋರಿಬರುವ ಬೆಳಕು. ಒಂದು ಮೂಲೆಯಲ್ಲಿ ಕೆತ್ತನೆಯ ಸಾಗವಾನಿ ಕಂಬವೊಂದನ್ನು ನಿಲ್ಲಿಸಿದ್ದರು. ಅದರ ತಲೆ ಚಾವಣಿಯನ್ನು ಮುಟ್ಟುತ್ತಿರಲಿಲ್ಲ. ಮೇಲೊಂದು ಹೂದಾನಿ ಇತ್ತು. “ಯಾವುದೋ ಹಳ್ಳಿಮನೆ ಕೆಡವಿದಾಗ ಸಿಕ್ಕಿದ್ದಂತೆ ಸರ್. ಯಾವ ಕಡೆಯದಿರಬಹುದು?” ಎಂದು ಅವರು ಕೇಳಿದರು.

ಮನೆಯ ಒಳಗನ್ನು ಅಣಿಗೊಳಿಸುವುದು ಈಚಿನ ವಿದ್ಯೆಯೆಂದು ನಾವು ಭಾವಿಸಿದ್ದೇವೆ. ಕಲ್ಯಾಣದಲ್ಲಿ ಕುಳಿತು ಆಳಿದ ಚಾಳುಕ್ಯ ಅರಸು ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಇಪ್ಪತ್ತು ಅಧ್ಯಾಯಗಳು ಉಪಭೋಗಗಳಿಗೇ ಮೀಸಲು. ಆಸನ, ಹಾಸಿಗೆ, ಧೂಪ ಎಲ್ಲವೂ ಅಲ್ಲುಂಟು. ಎಲ್ಲಕ್ಕೂ ಮೊದಲು ಮನೆ. ಗೋಡೆಯ ಮೇಲೆ ಚಿತ್ರ ಬರೆಯುವ ಕ್ರಮವನ್ನು ಅರಸನು ಹೇಳುವುದು ಈ ಮನೆಯ ಪ್ರಸ್ತಾಪದಲ್ಲೇ. ಎಮ್ಮೆಯ ತೊಗಲನ್ನು ಬೆಣ್ಣೆಯಂತೆ ಮೆತ್ತಗಾಗುವವರೆಗೆ ನೀರಿನಲ್ಲಿ ಬೇಯಿಸಬೇಕು. ಕಡ್ಡಿಗಳಾಗಿ ಮಾಡಿ ಬಿಸಿಲಿಗೆ ಒಣಗಿಸಬೇಕು. ಬೇಕೆಂದಾಗ ಬಿಸಿನೀರಿನಲ್ಲಿ ಕರಗಿಸಿ, ಬಿಳಿಯ ಮಣ್ಣಿನೊಡನೆ ಕಲಸಿ, ಗೋಡೆಗೆ ಮೂರು ಸಲ ಬಳಿಯಬೇಕು. ಇದೇ ವಜ್ರಲೇಪ. ಕೂಲಿಯಾಳಿನ ಪಕ್ಕದಲ್ಲಿ ನಿಂತು ನೋಡದವನು ಇಷ್ಟು ವಿವರವಾಗಿ ಬರೆಯಲಾರನೆಂದು ನನಗೆ ಅನಿಸುತ್ತದೆ.

ವಿಧಾನ ಉಳಿಯಿತು, ಗೋಡೆ ಹೋಯಿತು. ಬಸವಕಲ್ಯಾಣದ ಕೋಟೆಯೊಳಗೆ ಇಂದು ಕಾಣುವ ಕಟ್ಟಡಗಳು ಬಹುಮಟ್ಟಿಗೆ ಅನಂತರದ ಕಾಲದವು. ಸೋಮೇಶ್ವರನು ಮಲಗೆದ್ದ ಕೋಣೆಯನ್ನು ತೋರಿಸಬಲ್ಲವರಿಲ್ಲ.

ಕೋಣೆಯನ್ನೇ ಕಣ್ಣಾರೆ ಕಾಣಬೇಕಾದರೆ ಬೀದರಿಗೆ ಹೋಗಬೇಕು. ಅಲ್ಲಿಯ ಕೋಟೆಯಲ್ಲಿ ರಂಗೀನ್ ಮಹಲ್ ಇದೆ. 1542ರಿಂದ 1580ರವರೆಗೆ ಆಳಿದ ಅಲಿ ಬರೀದ ಶಾಹ ಇದನ್ನು ಹೊಸದಾಗಿ ಕಟ್ಟಿಸಿ ಸಿಂಗರಿಸಿದನು. ಬಹಮನಿ ರಾಜ್ಯ ಐದಾಗಿ ಒಡೆದಾಗ ಬೀದರಿನ ಪಾಲಿಗೆ ಬಂದದ್ದು ಚಿಕ್ಕ ತುಂಡು, ಅರಮನೆಯೂ ದೊಡ್ಡದಲ್ಲ. ಆದರೆ ಕೆಲಸವನ್ನು ನೋಡಬೇಕು. ಎಣ್ಣೆ ಸವರಿದಂತೆ ಮಿನುಗುವ ಕರಿಕಲ್ಲನ್ನು ಬಳ್ಳಿಯಾಗಿ, ಅಕ್ಷರವಾಗಿ ಕೊರೆದು, ಆ ಕೊರೆತದಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಬಾಗಿಲ ಬಳಿ ನಿಂತು ತಲೆಯನ್ನು ತುಸು ಹೊರಳಿಸಿದರೆ ಚಿಪ್ಪಿನ ಬಣ್ಣವೂ ಹೊರಳುತ್ತದೆ. ಬೀದರಿ ಪಾತ್ರೆಯನ್ನು ಕಂಡವರಿಗೆ ಇದು ಅಪರಿಚಿತವಲ್ಲ: ಅಲ್ಲಿ ಸತು ತಾಮ್ರಗಳ ಎರಕ, ಕೋಟೆಯ ಮಣ್ಣಿನಿಂದ ಬರಿಸಿದ ಕಪ್ಪು, ಅದರೊಳಗೆ ಬೆಳ್ಳಿಯ ಎಳೆ. ಯಾವುದರಿಂದ ಯಾವುದು ಬಂದಿತೆಂಬ ವಾದಕ್ಕೆ ನಾನು ಇಳಿಯುವುದಿಲ್ಲ. ನೋಡಿದ ಕಣ್ಣು ಒಂದೇ. ಮುಂದಿನ ಸಭಾಂಗಣದಲ್ಲಿ ಮರದ ಕಂಬಗಳಿವೆ, ಬೋದಿಗೆಯ ತುದಿಯವರೆಗೂ ಕೆತ್ತಿದವು. ಕಲ್ಲಿಗಿಂತ ಆ ಮರದ ಎದುರಿಗೇ ನಾನು ಹೆಚ್ಚು ಹೊತ್ತು ನಿಂತಿದ್ದೇನೆ.

ಕಾರಣವಿದೆ. ಘಾಟಬೋರಾಳದ ನಮ್ಮ ಮನೆ ಮಣ್ಣಿನ ಮಾಳಿಗೆಯದು, ವೈಭವವೆಂಬುದು ಅಲ್ಲಿರಲಿಲ್ಲ. ಆದರೆ ಪಡಸಾಲೆಯ ನಾಲ್ಕು ಕಂಬಗಳಿಗೆ ಊರ ಬಡಗಿ ಬಳ್ಳಿಯನ್ನೂ ಗಿಳಿಯನ್ನೂ ಕೆತ್ತಿದ್ದನು. ಆ ಕಂಬಗಳು ತೊಲೆ ಹೊತ್ತಿದ್ದವು, ತೊಲೆ ಜಂತಿಯನ್ನು, ಜಂತಿ ಮೊಳದಷ್ಟು ಮಣ್ಣನ್ನು. ಸೊಬಗು ಬೇರೆ, ಹೊರೆ ಬೇರೆ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅಣ್ಣತಮ್ಮಂದಿರಲ್ಲಿ ಮನೆ ಪಾಲಾದಾಗ ಮಾಳಿಗೆ ಇಳಿಸಿ, ಮರವನ್ನೆಲ್ಲ ಒಟ್ಟಾಗಿ ವ್ಯಾಪಾರಿಗೆ ಕೊಟ್ಟೆವು. ಆ ಚೀಟಿಗೆ ನಾನೂ ಸಹಿ ಹಾಕಿದ್ದೇನೆ. ಬಂದ ಹಣದಲ್ಲಿ ನನ್ನ ಪಾಲಿಗೆ ಒಂದು ಉಕ್ಕಿನ ಕಪಾಟು ಬಂದಿತು.

ವಿದ್ಯಾರ್ಥಿಗೆ ನಾನು, “ನಮ್ಮ ಕಡೆಯದೇ ಇರಬಹುದು” ಎಂದಷ್ಟೇ ಹೇಳಿದೆ. ಊಟಕ್ಕೆ ಕರೆದರು, ಎದ್ದೆ. ಹೋಗುವಾಗ ಕಂಬವನ್ನೊಮ್ಮೆ ಮುಟ್ಟಿ ನೋಡಿದೆ. ಸೊಂಟದೆತ್ತರದಲ್ಲಿ ಮರದ ಸುತ್ತ ಒಂದು ಸವೆದ ಗೆರೆಯಿತ್ತು. ಅದು ಬಡಗಿಯ ಕೆತ್ತನೆಯಲ್ಲ. ಮಜ್ಜಿಗೆ ಕಡೆಯುವ ಹಗ್ಗ ಎಷ್ಟೋ ಬೆಳಗುಗಳಲ್ಲಿ ಉಜ್ಜಿ ಉಜ್ಜಿ ಆದದ್ದು. ಪಾಲಿಶ್ ಮಾಡಿದವರು ಅದನ್ನು ಅಳಿಸಲು ನೋಡಿ, ಆಗದೆ ಬಿಟ್ಟಿದ್ದರು.